ಬೀರುವಿನಲ್ಲಿದ್ದ ದುಡಿ

ಎಲ್ಲರಿಗೂ ನಮಸ್ಕಾರ. ಈ ಮಳೆಯಲ್ಲೂ ಇಷ್ಟು ಜನ ಬಂದಿದ್ದೀರಿ. ಕೊಡೆಗಳನ್ನು ಒಳಗೇ ಇಟ್ಟುಕೊಳ್ಳಿ, ಹೊರಗಿಟ್ಟರೆ ಹೋಗುವಾಗ ಯಾರದ್ದೋ ಯಾರ ಕೈಗೋ ಹೋಗುತ್ತದೆ.

ವಿಶ್ವವಿದ್ಯಾಲಯ ತನ್ನ ಮಕ್ಕಳನ್ನು ಕಲೆಯ ಹತ್ತಿರ ಹೇಗೆ ತರಬೇಕು ಅಂತ ಮಾತಾಡಲು ಹೇಳಿದ್ದಾರೆ. ನಾನು ಒಂದು ಬೀರುವಿನಿಂದ ಶುರು ಮಾಡುತ್ತೇನೆ.

ನಾನು ಪಾಠ ಮಾಡುತ್ತಿದ್ದ ಕಾಲೇಜಿನಲ್ಲಿ ಒಂದು ಕಬ್ಬಿಣದ ಬೀರು ಇತ್ತು. ಒಳಗೆ ನಾಲ್ಕು ದುಡಿ, ಅಂದರೆ ಕೊಡವರು ಹಾಡುವಾಗ ಬಾರಿಸುವ ಪುಟ್ಟ ಚರ್ಮವಾದ್ಯ. ಜೊತೆಗೆ ಒಂದು ಹಾರ್ಮೋನಿಯಂ, ಕೋಲಾಟದ ಕೋಲುಗಳು. ಕಾಲೇಜ್ ಡೇ ಬಂದಾಗ ಮಾತ್ರ ಬೀಗ ತೆಗೆಯುತ್ತಿದ್ದೆವು. ಒಂದು ವರ್ಷ ತೆಗೆದು ನೋಡಿದರೆ ದುಡಿಯ ಚರ್ಮಕ್ಕೆ ಬೂಸ್ಟು ಹಿಡಿದಿತ್ತು. ಬಾರಿಸಿದರೆ ಹಲಸಿನಕಾಯಿ ತಟ್ಟಿದ ಸದ್ದು. ಆಫೀಸಿನ ಅಟೆಂಡರ್ ಅದನ್ನು ಸುಮ್ನೆ ಕೈಗೆತ್ತಿಕೊಂಡು ಕ್ಯಾಂಟೀನಿಗೆ ಹೋದರು. ಚೆನ್ನಾಗಿ ಒರೆಸಿ, ಒಲೆಯ ಪಕ್ಕ ಹಿಡಿದು, ತಿರುಗಿಸಿ ತಿರುಗಿಸಿ ಕಾಯಿಸಿದರು. ಸ್ವಲ್ಪ ಹೊತ್ತಿಗೆ ದುಡಿಗೆ ದನಿ ಬಂತು. ಅವರು ಊರಲ್ಲಿ ಬಾಳೋಪಾಟ್, ಅಂದರೆ ದುಡಿ ಬಾರಿಸುತ್ತಾ ಹೇಳುವ ಕೊಡವರ ಹಾಡು, ಹಾಡುವವರು ಅಂತ ನಮಗೆ ಗೊತ್ತಾಗಿದ್ದು ಅವತ್ತೇ. ಹದಿನೈದು ವರ್ಷದಿಂದ ನಮ್ಮ ಫೈಲು ಹೊತ್ತು ಓಡಾಡುತ್ತಿದ್ದ ಮನುಷ್ಯ!

ಯುವಜನೋತ್ಸವ ಬೇಡ ಅಂತ ನಾನು ಹೇಳುವುದಿಲ್ಲ. ಸಂಗೀತ, ಕುಣಿತ, ನಾಟಕ, ಮೂಕಾಭಿನಯ, ಮಣ್ಣಿನ ಮೂರ್ತಿ, ವ್ಯಂಗ್ಯಚಿತ್ರ, ರಂಗೋಲಿ, ಎಲ್ಲಕ್ಕೂ ಅಲ್ಲಿ ಜಾಗ ಇದೆ. ಆದರೆ ನಡೆಯುವುದೇನು? ಪ್ರತಿ ವರ್ಷ ಅದೇ ಹತ್ತು ಹನ್ನೆರಡು ಮಕ್ಕಳು ಹೋಗುತ್ತಾರೆ. ಕಪ್ ಬಂದರೆ ಪ್ರಿನ್ಸಿಪಾಲರ ಕೋಣೆಗೆ. ಉಳಿದವರ ಪಾಲಿಗೆ ಚಪ್ಪಾಳೆ.

ಉಳಿದವರು ಯಾಕೆ ಬರುವುದಿಲ್ಲ? ಆಸಕ್ತಿ ಇಲ್ಲ ಅಂತ ನಾವು ಮೇಷ್ಟ್ರುಗಳು ಹೇಳಿಬಿಡುತ್ತೇವೆ. ಕೊಡಗಿನಲ್ಲಿ ನಿಜವಾದ ಕಾರಣ ಬಸ್. ಸಂಜೆಯ ಬಸ್ ತಪ್ಪಿದರೆ ಎಸ್ಟೇಟ್ ರಸ್ತೆಯಲ್ಲಿ ಆ ಹುಡುಗಿ ಹೇಗೆ ಮನೆ ಸೇರಬೇಕು? ಆನೆ ಬೇರೆ. ಹಾಗಾಗಿ ತಾಲೀಮು ಕ್ಲಾಸ್ ಮುಗಿದ ಮೇಲೆ ಅಂದರೆ, ಅದು ಹಾಸ್ಟೆಲ್ ಮಕ್ಕಳಿಗೆ ಮಾತ್ರ ಅಂದಂತೆ. ಟೈಮ್‌ಟೇಬಲ್ ಒಳಗೇ ವಾರಕ್ಕೆ ಎರಡು ಗಂಟೆ ಕೊಡಬೇಕು. ಹಾಜರಿ ಇರಲಿ, ಬಹುಮಾನ ಬೇಡ.

2023ರಲ್ಲಿ ಚಿಕ್ಕ ಅಳುವಾರದಲ್ಲಿ ಕೊಡಗಿಗೇ ಅಂತ ಒಂದು ವಿಶ್ವವಿದ್ಯಾಲಯ ಶುರುವಾಯಿತು. ಅದಕ್ಕೂ ಮೊದಲು ಅದೇ ಜಾಗ ಮಂಗಳೂರು ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರವಾಗಿತ್ತು. ದೊಡ್ಡ ರಂಗಮಂದಿರ ಕಟ್ಟಲು ಹಣ ಬರುವವರೆಗೆ ಕಾಯಬೇಕಾಗಿಲ್ಲ. ಸುತ್ತ ಕಲಿಸುವವರು ಇದ್ದಾರೆ. ಕೊಡವ ಹೆಂಗಸರ ಕುಣಿತ ಉಮ್ಮತ್ತಾಟ್ ಗೊತ್ತಿರುವ ಅಕ್ಕಂದಿರು, ಇಲ್ಲಿನ ಗೌಡರ ಮಾತಾದ ಅರೆಭಾಷೆಯಲ್ಲಿ ಸೋಬಾನೆ ಹೇಳುವ ಅಜ್ಜಿಯರು, ಯರವ ಬುಡಕಟ್ಟಿನವರ ಹಾಡಿಯ ವಾದ್ಯದವರು. ಅವರನ್ನು ಶಾಲು ಹೊದಿಸಿ ಕಳಿಸಬೇಡಿ. ಗಂಟೆಗೆ ಇಷ್ಟು ಅಂತ ಸಂಭಾವನೆ ಕೊಟ್ಟು ಪಾಠ ಮಾಡಿಸಿ, ಅತಿಥಿ ಉಪನ್ಯಾಸಕರಿಗೆ ಕೊಡುವ ಹಾಗೆ.

ಇನ್ನೊಂದು ಕೆಲಸ ಹೇಳುತ್ತೇನೆ. ನಡಿಕೇರಿಯಂಡ ಚಿಣ್ಣಪ್ಪ ಪೊಲೀಸ್ ಇಲಾಖೆಯಲ್ಲಿದ್ದವರು. ಕೊಡವರ ಹಾಡು, ಗಾದೆ, ಪದ್ಧತಿಗಳನ್ನು ಕೂಡಿಹಾಕಿ 1924ರಲ್ಲಿ 'ಪಟ್ಟೋಲೆ ಪಳಮೆ' ಅನ್ನುವ ಪುಸ್ತಕ ತಂದರು. ನಿಮ್ಮ ಜೇಬಿನಲ್ಲಿ ಮೊಬೈಲ್ ಇದೆ ಅಲ್ವಾ? ಮನೆಯಲ್ಲಿ ಒಂದು ಹಾಡು ರೆಕಾರ್ಡ್ ಮಾಡಿ, ಹಾಡಿದವರ ಹೆಸರು, ಊರು ಬರೆದು ತನ್ನಿ. ಅದನ್ನೇ ಅಸೈನ್‌ಮೆಂಟ್ ಅಂತ ತೆಗೆದುಕೊಂಡು ಅಂಕ ಕೊಡೋಣ. ನೋಟ್ಸ್ ನಕಲು ಮಾಡಿ ತರುವುದಕ್ಕಿಂತ ವಾಸಿ.

ಆ ಅಟೆಂಡರ್ ವಿಷಯ ಅರ್ಧಕ್ಕೆ ಬಿಟ್ಟೆ. ಮುಂದಿನ ವರ್ಷ ಬುಧವಾರ ಮಧ್ಯಾಹ್ನ ಊಟದ ಬಿಡುವಿನಲ್ಲಿ ಅವರ ಕ್ಲಾಸ್ ಇಟ್ಟೆವು. ಮೊದಲ ದಿನ ಬಂದವರು ಐದೇ ಜನ. ಬಾಳೋಪಾಟಿಗೆ ನಾಲ್ವರು ಬೇಕು. ಇಬ್ಬರು ಒಂದು ಸಾಲು ಹೇಳುತ್ತಾರೆ, ಇನ್ನಿಬ್ಬರು ಅದನ್ನು ಎತ್ತಿಕೊಳ್ಳುತ್ತಾರೆ. ಐದನೆಯವನು ರಾಯಚೂರು ಕಡೆಯ ಹಾಸ್ಟೆಲ್ ಹುಡುಗ, ಕೊಡವರ ಭಾಷೆ ಕೊಡವ ತಕ್ಕ್ ಒಂದಕ್ಷರ ಬಾರದು. ಮೂಲೆಯಲ್ಲಿ ಕೂತು ಮಾತುಗಳನ್ನು ನೋಟ್‌ಬುಕ್ಕಿಗೆ ಇಳಿಸಿಕೊಂಡ. ಮಳೆಗಾಲ ಮುಗಿಯುವಷ್ಟರಲ್ಲಿ ಎಲ್ಲರಿಗಿಂತ ಅವನ ಕೈಯೇ ಚೆನ್ನಾಗಿ ಕೂತಿತ್ತು. ಬೀರುವಿನ ಕೀ ಅವನ ಹತ್ತಿರವೇ ಇರಲಿ ಅಂದರು ಅಟೆಂಡರ್. ಸ್ಟಾಕ್ ರಿಜಿಸ್ಟರ್‌ನಲ್ಲಿ ಯಾರ ಸಹಿ ಹಾಕಿಸುವುದು ಅಂತ ಆಫೀಸಿನವರು ಆಮೇಲೆ ಒಂದು ತಿಂಗಳು ತಲೆ ಕೆಡಿಸಿಕೊಂಡರು.