ಲಂಡನ್ನಿನ ಚಿತ್ರದೊಳಗೆ ಕಾರ್ಕಳದ ಗೊಮ್ಮಟ

ನಮಸ್ಕಾರ. ತೆರೆಯ ಮೇಲೆ ಕಾಣುತ್ತಿರುವ ಕೆಂಪು ಕೋಟಿನ ವ್ಯಕ್ತಿ ಕರ್ನಲ್ ಕಾಲಿನ್ ಮೆಕೆಂಜಿ. ಸ್ಕಾಟ್ಲೆಂಡಿನ ಲೂಯಿಸ್ ದ್ವೀಪದಲ್ಲಿ ಹುಟ್ಟಿ, 1783ರಲ್ಲಿ ಮದರಾಸಿಗೆ ಬಂದವರು. ಟಿಪ್ಪು ಸುಲ್ತಾನನ ಪತನದ ಬಳಿಕ ಮೈಸೂರು ಸೀಮೆಯ ಸರ್ವೆ ನಡೆಸಿ, 1815ರಲ್ಲಿ ಭಾರತದ ಮೊದಲ ಸರ್ವೇಯರ್ ಜನರಲ್ ಆದರು. ಮರುವರ್ಷ ಐರಿಷ್ ಕಲಾವಿದ ಥಾಮಸ್ ಹಿಕಿ ಬರೆದ ಈ ಚಿತ್ರದ ಮೂಲ ಈಗ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿದೆ. ಅದರ ತೈಲವರ್ಣದ ಪ್ರತಿಯೊಂದನ್ನು ಮಂಗಳೂರಿನ ನನ್ನ ಕೋಣೆಯಲ್ಲಿ ಬರೆಯುತ್ತಿದ್ದೇನೆ.

ಕೋಟಿನಿಂದ ಕಣ್ಣು ತೆಗೆದು ಹಿಂದಿನ ಬೆಟ್ಟದ ಕಡೆಗೆ ನೋಡಿ. ತುದಿಯಲ್ಲಿ ಪುಟ್ಟದಾಗಿ ಒಂದು ಆಕೃತಿ ನಿಂತಿದೆ. ಅದು ನಮ್ಮ ಕಾರ್ಕಳದ ಗೊಮ್ಮಟ! 1432ರಲ್ಲಿ ವೀರಪಾಂಡ್ಯ ಭೈರರಸ ನಿಲ್ಲಿಸಿದ, ಸುಮಾರು 42 ಅಡಿ ಎತ್ತರದ ಏಕಶಿಲೆಯ ಬಾಹುಬಲಿ ಇಲ್ಲಿ ಕುಂಚದ ತುದಿಯ ಕೆಲವು ಸ್ಪರ್ಶಗಳಲ್ಲಿ ಮುಗಿದುಹೋಗಿದ್ದಾನೆ. ಈಸ್ಟ್ ಇಂಡಿಯಾ ಕಂಪನಿ ಕಾಲದ ಭಾವಚಿತ್ರಗಳು ಸಾವಿರಾರು ಇರಬಹುದು. ನಾನು ಇದನ್ನೇ ಆರಿಸಿಕೊಂಡದ್ದಕ್ಕೆ ಮೊದಲ ಕಾರಣ ಈ ಬೆಟ್ಟ.

ಎರಡನೆಯ ಕಾರಣ ಇನ್ನೂ ದೊಡ್ಡದು. ಮೆಕೆಂಜಿಯವರ ಜೊತೆ ಮೂವರು ಭಾರತೀಯರಿದ್ದಾರೆ. ದೂರದರ್ಶಕ ಹಿಡಿದವರು ಜವಾನ ಕೃಷ್ಣಾಜಿ. ತಾಳೆಗರಿ ಹಿಡಿದವರು ಜೈನ ಪಂಡಿತ ಧರ್ಮಯ್ಯ. ಇನ್ನೊಬ್ಬರು ತೆಲುಗು ವಿದ್ವಾಂಸ ಕಾವಲಿ ವೆಂಕಟ ಲಕ್ಷ್ಮಯ್ಯ. ಮೆಕೆಂಜಿಯವರಿಗೆ ನಮ್ಮ ಭಾಷೆಗಳು ಬರುತ್ತಿರಲಿಲ್ಲ. ಅವರ ಹೆಸರಿನಲ್ಲಿ ಇಂದು ಪ್ರಸಿದ್ಧವಾಗಿರುವ ಹಸ್ತಪ್ರತಿ, ಕೈಫಿಯತ್ತು (ಊರೂರಿನ ಚರಿತ್ರೆಯ ಬರಹ), ಶಾಸನಗಳ ಸಂಗ್ರಹ ಬೆಳೆದದ್ದು ಇಂಥವರ ಓದಿನಿಂದ, ಓಡಾಟದಿಂದ. ಹಳಗನ್ನಡದ ಶಾಸನಗಳನ್ನು ಓದಿ ಅರ್ಥ ಹೇಳುತ್ತಿದ್ದವರು ಧರ್ಮಯ್ಯ. ಕಂಪನಿಯ ಅಧಿಕಾರಿಯನ್ನು ನಮ್ಮ ಗೋಡೆಯ ಮೇಲೆ ಏಕೆ ತೂಗುಹಾಕಬೇಕು ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆಯೇ. ನಾನು ತೂಗುಹಾಕುವುದು ಧರ್ಮಯ್ಯನವರನ್ನು. ಅವರ ಮುಖ ನೋಡಲು ಕನ್ನಡಿಗರು ಲಂಡನ್ನಿಗೆ ಹೋಗಬೇಕಾಗಬಾರದು.

ಮುದ್ರಿತ ಪ್ರತಿ ತರಿಸಬಹುದಿತ್ತಲ್ಲ ಎಂಬುದಕ್ಕೂ ಉತ್ತರ ಅಲ್ಲಿಯೇ ಇದೆ. ಮುದ್ರಣ ಯಂತ್ರಕ್ಕೆ ಕೋಟಿನ ಗುಂಡಿಯೂ ಪಂಡಿತನ ಕಣ್ಣೂ ಒಂದೇ. ಕೈಯಿಂದ ಬರೆಯುವವನಿಗೆ ಹಾಗಲ್ಲ. ಒಂದು ಹುಬ್ಬಿನ ಬಾಗಿಗೆ ಇಡೀ ಬೆಳಗು ಕೊಡಬೇಕಾಗುತ್ತದೆ, ಆಗ ಆ ಮನುಷ್ಯನ ಪರಿಚಯವಾಗತೊಡಗುತ್ತದೆ.

ಈಗ ಕೆಲಸದ ಕ್ರಮ ನೋಡಿ. ಕ್ಯಾನ್ವಾಸಿನ ಮೇಲೆ ಚೌಕುಳಿ ಎಳೆದು ರೇಖಾಚಿತ್ರವನ್ನು ಇಳಿಸಿದ್ದೇನೆ. ಅದರ ಮೇಲೆ ಅಂಬರ್ ಎಂಬ ಕಂದು ಮಣ್ಣಿನ ಬಣ್ಣದ ತೆಳುವಾದ ಪದರ. ನೆರಳು ಬೆಳಕು ಮೊದಲು ಇದರಲ್ಲೇ ತೀರ್ಮಾನವಾಗಬೇಕು. ಅಂಬರ್‌ನಲ್ಲಿ ಮ್ಯಾಂಗನೀಸ್ ಇರುವುದರಿಂದ ಅದು ಬೇಗ ಒಣಗುತ್ತದೆ. ನಮ್ಮ ಕರಾವಳಿಯಲ್ಲಿ ಇದು ಸಣ್ಣ ಉಪಕಾರವಲ್ಲ. ತೈಲವರ್ಣ ನೀರಿನಂತೆ ಆವಿಯಾಗಿ ಒಣಗುವುದಿಲ್ಲ, ಅಗಸೆ ಎಣ್ಣೆ ಗಾಳಿಯ ಆಮ್ಲಜನಕವನ್ನು ಹೀರಿ ಗಟ್ಟಿಯಾಗುತ್ತದೆ. ಆದ್ದರಿಂದ ಕೆಳಗಿನ ಪದರದಲ್ಲಿ ಎಣ್ಣೆ ಕಡಿಮೆ, ಮೇಲಿನದರಲ್ಲಿ ಹೆಚ್ಚು. ಈ ಕ್ರಮ ತಪ್ಪಿದರೆ ಬಣ್ಣ ಬಿರಿಯುತ್ತದೆ. ಆಷಾಢದ ತೇವಕ್ಕೆ ಬಟ್ಟೆ ಸಡಿಲವಾದಾಗ ಚೌಕಟ್ಟಿನ ಮೂಲೆಯ ಮರದ ಬೆಣೆಗಳನ್ನು ಮೆಲ್ಲನೆ ತಟ್ಟಿ ಬಿಗಿ ಮಾಡುತ್ತೇನೆ.

ಈ ಊರಿನ ಹವೆ ಚಿತ್ರಗಳಿಗೆ ಏನು ಮಾಡುತ್ತದೆ ಎಂದು ತಿಳಿಯಬೇಕಾದರೆ ಸಂತ ಅಲೋಶಿಯಸ್ ಚಾಪೆಲ್ಲಿಗೆ ಹೋಗಬೇಕು. ಇಟಲಿಯ ಅಂತೋನಿಯೊ ಮೊಸ್ಕೆನಿ 1899ರ ಬಳಿಕ ಅಲ್ಲಿನ ಗೋಡೆ, ಛಾವಣಿಗಳನ್ನು ಭಿತ್ತಿಚಿತ್ರ ಮತ್ತು ತೈಲಚಿತ್ರಗಳಿಂದ ತುಂಬಿದರು. ನೂರು ವರ್ಷ ತುಂಬುವ ಮೊದಲೇ, 1990ರ ದಶಕದಲ್ಲಿ, ಪರಂಪರೆಯನ್ನು ಕಾಪಾಡುವ ಸಂಸ್ಥೆಯಾದ ಇಂಟ್ಯಾಕ್‌ನ ತಜ್ಞರು ಅವನ್ನು ಸಂರಕ್ಷಿಸಬೇಕಾಯಿತು. ಬಣ್ಣದ ಬಗ್ಗೆ ಆಸಕ್ತಿ ಇರುವವರು ಕತ್ತೆತ್ತಿ ಒಂದು ಗಂಟೆ ಅಲ್ಲಿ ಕುಳಿತುಕೊಳ್ಳಿ, ದಯವಿಟ್ಟು.

ಹಿಕಿಯವರ ಕಾಲದ ಬಿಳಿ ಬಣ್ಣ ಸೀಸದ್ದು, ವಿಷ. ನಾನು ಬಳಸುವುದು ಟೈಟಾನಿಯಂ ಬಿಳಿ. ಅದು ಚಿತ್ರಕಾರರ ಕೈಗೆ ಬಂದದ್ದು ಇಪ್ಪತ್ತನೆಯ ಶತಮಾನದಲ್ಲಿ. ಸೀಸದ ಬಿಳಿಯಲ್ಲಿ ಒಂದು ಬೆಚ್ಚನೆಯ ಪಾರದರ್ಶಕತೆ ಇರುತ್ತದೆ, ಟೈಟಾನಿಯಂ ಸುಣ್ಣ ಬಳಿದ ಹಾಗೆ ಎಲ್ಲವನ್ನೂ ಮುಚ್ಚಿಬಿಡುತ್ತದೆ. ಹಾಗಾಗಿ ಅದಕ್ಕೆ ಚಿಟಿಕೆ ಹಳದಿ ಮಣ್ಣಿನ ಬಣ್ಣ ಬೆರೆಸಿ, ತೆಳುವಾಗಿ ಪದರದ ಮೇಲೆ ಪದರ ಇಡುತ್ತೇನೆ. ನನಗೆ ಅತ್ಯಂತ ಕಷ್ಟವೆನಿಸಿದ್ದು ಕೆಂಪು ಕೋಟಲ್ಲ, ಈ ಮೂವರ ಮೈಬಣ್ಣ. ಒಂದೇ ಕಂದನ್ನು ಮೂವರಿಗೂ ಬಳಿದರೆ ಅವರು ಮೂರು ಮನುಷ್ಯರಾಗಿ ಉಳಿಯುವುದಿಲ್ಲ. ನೆರಳಿಗೆ ಕಪ್ಪು ಹಾಕದೆ ಹಸಿರುಮಣ್ಣು ಮತ್ತು ಸುಟ್ಟ ಸಿಯೆನ್ನಾ ಎಂಬ ಕೆಂಗಂದು ಮಣ್ಣಿನ ಬಣ್ಣ ಹಾಕಿದಾಗ ಚರ್ಮದ ಕೆಳಗೆ ರಕ್ತ ಹರಿದಂತಾಯಿತು.

ವಾರ್ನಿಷ್ ಹಚ್ಚಲು ಇನ್ನೂ ಆರು ತಿಂಗಳಾದರೂ ಕಾಯಬೇಕು. ಅಳತೆಯನ್ನು ಮೂಲಕ್ಕಿಂತ ಬೇರೆ ಇಟ್ಟಿದ್ದೇನೆ. ಪ್ರತಿ ಯಾವತ್ತೂ ಮೂಲವೆಂದು ಮಾರಾಟವಾಗಬಾರದು. ಕ್ಯಾನ್ವಾಸಿನ ಹಿಂಬದಿಯಲ್ಲಿ ಹಿಕಿಯವರ ಹೆಸರು, ಇದು ಪ್ರತಿ ಎಂಬ ಮಾತು, ಜೊತೆಗೆ ನಾಲ್ವರ ಹೆಸರುಗಳನ್ನು ಒಂದೇ ಗಾತ್ರದ ಕನ್ನಡ ಅಕ್ಷರಗಳಲ್ಲಿ ಬರೆಯುತ್ತೇನೆ.

ಕಾರ್ಕಳದವರಲ್ಲಿ ಒಂದು ಕೋರಿಕೆ. ಬೆಟ್ಟ ಮತ್ತು ಗೊಮ್ಮಟ ಈ ಚಿತ್ರದಲ್ಲಿರುವ ಹಾಗೆ ಕಾಣುವ ಜಾಗ ನಿಮಗೆ ಗೊತ್ತಿದ್ದರೆ ಕೆಳಗೆ ಬರೆದು ತಿಳಿಸಿ. ಆನೆಕೆರೆಯ ಕಡೆಯಿಂದಲೋ, ಇನ್ನಾವುದಾದರೂ ದಿಕ್ಕಿನಿಂದಲೋ? ಹಿನ್ನೆಲೆಯ ಕೊನೆಯ ಪದರ ಹಾಕುವ ಮೊದಲು ಚಿತ್ರವನ್ನು ಕೈಯಲ್ಲಿ ಹಿಡಿದು ಅಲ್ಲಿಗೆ ಬರುತ್ತೇನೆ.