ಫ್ಯಾನಿಗೆ ದಾನಿ ಇದ್ದಾರೆ, ಕರೆಂಟ್ ಬಿಲ್ಲಿಗೆ?

ಕೇಳುಗರೇ, ನಮಸ್ಕಾರ.

ಯಾವುದಾದರೂ ಧರ್ಮಾಸ್ಪತ್ರೆಗೆ ಹೋದಾಗ ಒಮ್ಮೆ ತಲೆಯೆತ್ತಿ ನೋಡಿ. ಫ್ಯಾನಿನ ರೆಕ್ಕೆಯ ಮೇಲೆ ದಾನಿಯ ಹೆಸರು ಬರೆದಿರುತ್ತದೆ. ಬೆಂಚಿನ ಬೆನ್ನಿಗೆ, ಗೋಡೆ ಗಡಿಯಾರಕ್ಕೆ, ಕುಡಿಯುವ ನೀರಿನ ಫಿಲ್ಟರಿಗೂ ಹೆಸರುಂಟು. ಕೊಟ್ಟವರು ಪುಣ್ಯವಂತರು, ಎರಡು ಮಾತಿಲ್ಲ. ಆದರೆ ಆ ಫ್ಯಾನು ತಿರುಗಬೇಕಾದರೆ ತಿಂಗಳು ತಿಂಗಳು ಕರೆಂಟ್ ಬಿಲ್ ಕಟ್ಟಬೇಕಲ್ವಾ? ನರ್ಸ್‌ಗಳ ಸಂಬಳ, ಆಕ್ಸಿಜನ್ ಸಿಲಿಂಡರ್, ಹತ್ತಿ, ಬ್ಯಾಂಡೇಜು, ಬೆಡ್‌ಶೀಟ್ ಒಗೆಸುವ ಖರ್ಚು. ಇವಕ್ಕೆ ದಾನಿಗಳು ಸಿಗುವುದು ಬಹಳ ಕಷ್ಟ. ಧರ್ಮಾಸ್ಪತ್ರೆ ಸೊರಗುವುದು ಇಲ್ಲೇ.

ಲಂಡನ್ನಿನ ಗ್ರೇಟ್ ಆರ್ಮಂಡ್ ಸ್ಟ್ರೀಟ್ ಮಕ್ಕಳ ಆಸ್ಪತ್ರೆಗೂ ಇದೇ ಪಾಡು ಬಂದಿತ್ತು. 1852ರ ಫೆಬ್ರವರಿಯಲ್ಲಿ ಡಾಕ್ಟರ್ ಚಾರ್ಲ್ಸ್ ವೆಸ್ಟ್ ಅದನ್ನು ಶುರು ಮಾಡಿದಾಗ ಇದ್ದದ್ದು 10 ಹಾಸಿಗೆ. ನಡೆಯುತ್ತಿದ್ದದ್ದು ಜನ ಕೊಟ್ಟ ದುಡ್ಡಿನಲ್ಲೇ. ಆರು ವರ್ಷ ಕಳೆಯುವಷ್ಟರಲ್ಲಿ ಕೈ ಬರಿದಾಗಿತ್ತು. ಆಗ 1858ರ ಫೆಬ್ರವರಿ 9ರಂದು ಒಂದು ಔತಣ ಏರ್ಪಡಿಸಿ, ಕಾದಂಬರಿಕಾರ ಚಾರ್ಲ್ಸ್ ಡಿಕನ್ಸ್ ಅವರನ್ನು ಮಾತಾಡಲು ಕರೆದರು.

ಡಿಕನ್ಸ್ ಲೆಕ್ಕಪತ್ರ ಓದುತ್ತಾ ಕೂರಲಿಲ್ಲ. ಎಡಿನ್‌ಬರೋದ ಬಡವರ ಕೇರಿಯಲ್ಲಿ ತಾವು ಕಂಡ ಒಂದು ಮಗುವಿನ ಬಗ್ಗೆ ಹೇಳಿದರು. ಮಲಗಿಸಲು ತೊಟ್ಟಿಲಿಲ್ಲ. ಅಮ್ಮ ಅಂಗಡಿಯಿಂದ ಬೇಡಿ ತಂದ ಮೊಟ್ಟೆ ಪೆಟ್ಟಿಗೆಯಲ್ಲಿ ಆ ಮಗು ಬಡಕಲಾಗಿ, ಅಳದೆ ಸುಮ್ನೆ ಮಲಗಿತ್ತು. ಲಂಡನ್ನಿನಲ್ಲಿ ಸಾಯುವವರಲ್ಲಿ ಮೂರರಲ್ಲೊಂದು ಪಾಲಿಗಿಂತ ಜಾಸ್ತಿ ಮಕ್ಕಳೇ ಎಂದೂ ಹೇಳಿದರು. ಅಂದು ಸೇರಿದ ಹಣ 3,000 ಪೌಂಡಿಗೂ ಹೆಚ್ಚು. ಆಸ್ಪತ್ರೆ ಪಕ್ಕದ ಮನೆಯನ್ನೇ ಕೊಂಡಿತು. 20ಕ್ಕೆ ಏರಿದ್ದ ಹಾಸಿಗೆಗಳು 75 ಆದವು.

ಅದಕ್ಕಿಂತಲೂ ನನ್ನ ಮನಸ್ಸಿಗೆ ಹಿಡಿಸಿದ್ದು 1929ರ ಒಂದು ದಾನ. ಹೊಸ ಕಟ್ಟಡದ ಜಾಗಕ್ಕೆ ಹಣ ಕೂಡಿಸುವ ಸಮಿತಿಗೆ ಸೇರಿ ಎಂದು ನಾಟಕಕಾರ ಜೆ. ಎಂ. ಬ್ಯಾರಿ ಅವರನ್ನು ಕೇಳಿದರು. ಅವರು ಸಮಿತಿಗೆ ಸೇರಲಿಲ್ಲ. ಬದಲಿಗೆ ತಮ್ಮ 'ಪೀಟರ್ ಪ್ಯಾನ್' ಎಂಬ ಮಕ್ಕಳ ಕಥೆಯ ಹಕ್ಕನ್ನೇ ಆಸ್ಪತ್ರೆಗೆ ಬರೆದುಕೊಟ್ಟರು. ನಾಟಕ ಆಡಿದರೂ, ಪುಸ್ತಕ ಮಾರಿದರೂ ದುಡ್ಡು ಮಕ್ಕಳ ಔಷಧಿಗೆ. ಎಷ್ಟು ಬಂತೆಂದು ಹೊರಗೆ ಹೇಳಬೇಡಿ ಎಂದೂ ಕೇಳಿಕೊಂಡಿದ್ದರು. 1987ರ ಕೊನೆಗೆ ಹಕ್ಕಿನ ಅವಧಿ ಮುಗಿದಾಗ, ಆ ಗೌರವಧನ ಬ್ರಿಟನ್ನಿನಲ್ಲಿ ಎಂದೆಂದಿಗೂ ಆಸ್ಪತ್ರೆಗೇ ಸಿಗುವಂತೆ 1988ರಲ್ಲಿ ಕಾನೂನನ್ನೇ ಮಾಡಿದರು!

ನಮಗೇನೂ ಇದು ಹೊಸದಲ್ಲ. ದೇವಸ್ಥಾನದಲ್ಲಿ ಶಾಶ್ವತ ಪೂಜೆಗೆ ಹಣ ಕಟ್ಟುತ್ತೇವಲ್ಲ, ಅದೇ ಲೆಕ್ಕ. ಅಸಲು ಬ್ಯಾಂಕಿನಲ್ಲಿ ಉಳಿಯುತ್ತದೆ, ಬಡ್ಡಿಯಲ್ಲಿ ವರ್ಷ ವರ್ಷ ಸೇವೆ ನಡೆಯುತ್ತದೆ. ಅಪ್ಪನ ಹೆಸರಿನಲ್ಲಿ, ಅಜ್ಜಿಯ ಹೆಸರಿನಲ್ಲಿ ಒಂದು ಹಾಸಿಗೆಗೂ ಹೀಗೇ ಶಾಶ್ವತ ನಿಧಿ ಇಡಬಹುದು. ಅಷ್ಟು ದುಡ್ಡಿಲ್ಲ ಅನ್ನುವವರು ತಿಂಗಳಿಗೆ ಇನ್ನೂರೋ ಮುನ್ನೂರೋ ಬ್ಯಾಂಕಿನಿಂದ ತಾನಾಗಿ ಹೋಗುವಂತೆ ಬರೆದುಕೊಡಿ. ಅಪರೂಪಕ್ಕೆ ಬರುವ ದೊಡ್ಡ ಚೆಕ್ಕಿಗಿಂತ, ತಪ್ಪದೆ ಬರುವ ಈ ಸಣ್ಣ ಮೊತ್ತವನ್ನು ನಂಬಿ ಸಂಬಳದ ದಿನ ಎದುರಿಸುವುದು ಸುಲಭ.

ಕೊಡುವ ಮುಂಚೆ ಆಸ್ಪತ್ರೆಯ ಆಡಿಟ್ ಆದ ಲೆಕ್ಕ ಕೇಳಿ. ಅದು ನಿಮ್ಮ ಹಕ್ಕು, ಸಂಕೋಚ ಬೇಡ. ರಸೀದಿ ತೆಗೆದುಕೊಳ್ಳಿ. ಜೊತೆಗೆ ಒಂದು ಸಾಲು ಬರೆದುಕೊಡಿ: ಈ ಹಣ ಕಟ್ಟಡಕ್ಕಲ್ಲ, ದಿನದ ಖರ್ಚಿಗೆ.

ನಮಸ್ಕಾರ.