ಹೆಪ್ಪು ಶ್ವಾಸಕೋಶದಲ್ಲಿ, ಪೆಟ್ಟು ಹೃದಯಕ್ಕೆ: ಬೈಪ್ಯಾಪ್‌ಗೆ ಆತುರ ಬೇಡ

ಸ್ಯಾಚುರೇಷನ್ (ರಕ್ತದಲ್ಲಿನ ಆಕ್ಸಿಜನ್ ಮಟ್ಟ) ಶೇ. 84, ಉಸಿರು ನಿಮಿಷಕ್ಕೆ 34. ಇಷ್ಟು ಕಂಡ ಕೂಡಲೇ ಬೈಪ್ಯಾಪ್, ಅಂದರೆ ಒತ್ತಡದಿಂದ ಗಾಳಿ ತಳ್ಳುವ ಯಂತ್ರದ ಮಾಸ್ಕ್ ಬಿಗಿಯೋಣ ಅನ್ನಿಸುತ್ತೆ. ಶ್ವಾಸಕೋಶದಲ್ಲಿ ನೀರು ತುಂಬಿದ್ದರೆ ಅದು ಸರಿಯೇ. ಆದರೆ ರಕ್ತನಾಳದಲ್ಲಿ ಹೆಪ್ಪು ಕೂತಿದ್ದರೆ, ಅಂದರೆ ಪಲ್ಮನರಿ ಎಂಬಾಲಿಸಂ ಆಗಿದ್ದರೆ, ಮೊದಲು ಹೈ ಫ್ಲೋ (ಮೂಗಿನ ಕೊಳವೆಯಿಂದ ಬೆಚ್ಚಗಿನ, ತೇವದ ಆಕ್ಸಿಜನ್ ರಭಸವಾಗಿ ಹರಿಸುವ ಸಾಧನ) ಹಾಕಿ ಅನ್ನೋದು ನನ್ನ ವಾದ.

ಇಲ್ಲಿ ಗಾಳಿಚೀಲಗಳು ಬಹುಪಾಲು ತೆರೆದೇ ಇರುತ್ತವೆ, ಅಡ್ಡಿ ಇರೋದು ರಕ್ತದ ದಾರಿಯಲ್ಲಿ. ದೊಡ್ಡ ಹೆಪ್ಪಾದರೆ ಹೃದಯದ ಬಲಗಡೆಯ ಕೆಳಕೋಣೆ ಅದರ ವಿರುದ್ಧ ತಳ್ಳಿ ತಳ್ಳಿ ಹಿಗ್ಗಿಹೋಗಿರುತ್ತೆ. ಅದರ ಮೇಲೆ ಮಾಸ್ಕಿನಿಂದ 10 ಸೆಂಟಿಮೀಟರ್ ನೀರಿನಷ್ಟು ಒತ್ತಡ ಹೇರಿದರೆ ಹೃದಯಕ್ಕೆ ಮರಳುವ ರಕ್ತ ಕಡಿಮೆಯಾಗುತ್ತೆ, ತಳ್ಳಬೇಕಾದ ಹೊರೆ ಹೆಚ್ಚಾಗುತ್ತೆ. ಸ್ಯಾಚುರೇಷನ್ ಏರಿತು ಅಂತ ಖುಷಿಪಡುವಷ್ಟರಲ್ಲಿ ಬಿಪಿ ಕುಸಿದಿರಬಹುದು.

ಯುರೋಪಿಯನ್ ಸೊಸೈಟಿ ಆಫ್ ಕಾರ್ಡಿಯಾಲಜಿಯ 2019ರ ಮಾರ್ಗಸೂಚಿ ಹೈ ಫ್ಲೋ, ಮಾಸ್ಕ್ ಎರಡಕ್ಕೂ ಜಾಗ ಕೊಟ್ಟಿದೆ, ಗಂಟಲಿಗೆ ಟ್ಯೂಬ್ ಹಾಕೋದನ್ನ ಆದಷ್ಟು ಮುಂದೂಡಿ ಅನ್ನುತ್ತೆ. ಎರಡರಲ್ಲಿ ಹೈ ಫ್ಲೋನೇ ಮೊದಲು ಯಾಕೆ ಅಂದರೆ, ಅದು ಹುಟ್ಟಿಸುವ ಒತ್ತಡ ತೀರಾ ಕಡಿಮೆ. ಬಾಯಿ ತೆರೆದರೆ ಅದೂ ಸೋರಿಹೋಗುತ್ತೆ. ಈ ರೋಗಿಗೆ ಆ ಸೋರಿಕೆಯೇ ಒಳ್ಳೆಯದು.

ಹರಿವು ನಿಮಿಷಕ್ಕೆ 30–40 ಲೀಟರ್‌ನಿಂದ ಶುರು ಮಾಡಿ, ತಡೆದುಕೊಂಡರೆ 50–60ಕ್ಕೆ ಏರಿಸಿ. ಆಕ್ಸಿಜನ್ ಪ್ರಮಾಣವನ್ನ ಸ್ಯಾಚುರೇಷನ್ 90 ದಾಟುವಂತೆ ಹೊಂದಿಸಿ. ತಾಪ 37 ಡಿಗ್ರಿ. ಸೆಕೆ ಅಂತ ರೋಗಿ ಗೊಣಗಿದರೆ 34. ಮೂಗಿನ ಕೊಳವೆ ಹೊಳ್ಳೆಯ ಅರ್ಧಕ್ಕಿಂತ ದಪ್ಪ ಇರಬಾರದು, ಇಲ್ಲದಿದ್ದರೆ ಒಳಗಿನ ಒತ್ತಡ ಏರುತ್ತೆ. ಪೈಪಿನಲ್ಲಿ ನೀರು ಕಟ್ಟಿಕೊಂಡು ಗುಳುಗುಳು ಸದ್ದು ಬಂದರೆ ಆ ನೀರು ಮೂಗಿನ ಕಡೆ ಹರಿಯುವಂತೆ ಪೈಪ್ ಎತ್ತಬೇಡಿ, ಗಾಳಿಗೆ ತೇವ ಕೊಡುವ ಚೇಂಬರಿನ ಕಡೆಗೆ ಇಳಿಸಿ.

ಹೈ ಫ್ಲೋ ಸಾಕಾಗುತ್ತಾ ಅಂತ ಅಂದಾಜು ಮಾಡಲು ರಾಕ್ಸ್ ಇಂಡೆಕ್ಸ್ ಲೆಕ್ಕ ಹಾಕೋರಿದ್ದಾರೆ: ಸ್ಯಾಚುರೇಷನ್ನನ್ನ ಆಕ್ಸಿಜನ್ ಪಾಲಿನಿಂದ, ಬಂದದ್ದನ್ನ ಉಸಿರಿನ ಸಂಖ್ಯೆಯಿಂದ ಭಾಗಿಸೋದು. ಸ್ಯಾಚುರೇಷನ್ 92, ಆಕ್ಸಿಜನ್ 0.6 (ಅಂದರೆ ಶೇ. 60), ಉಸಿರು 30 ಆದರೆ 5.1 ಬರುತ್ತೆ, 4.88ರ ಗಡಿಗಿಂತ ಮೇಲೆ. ಆದರೆ ಆ ಗಡಿ ಬಂದದ್ದು ನ್ಯುಮೋನಿಯಾ ರೋಗಿಗಳಿಂದ. ಇಲ್ಲಿ ಬಿಪಿ, ಲ್ಯಾಕ್ಟೇಟ್ (ಅಂಗಾಂಗಗಳಿಗೆ ಆಕ್ಸಿಜನ್ ಸಾಲದಾದಾಗ ರಕ್ತದಲ್ಲಿ ಏರುವ ವಸ್ತು), ಎಕೋ (ಹೃದಯದ ಸ್ಕ್ಯಾನ್) ನೋಡದೆ ಅದೊಂದನ್ನೇ ನಂಬಿದರೆ ಮೋಸ ಹೋಗ್ತೀರಿ.

ಜೊತೆಗೆ ಸಿಒಪಿಡಿ (ಶ್ವಾಸನಾಳ ಕಿರಿದಾಗುವ ದೀರ್ಘಕಾಲದ ಕಾಯಿಲೆ) ಇದ್ದು ಕಾರ್ಬನ್ ಡೈಆಕ್ಸೈಡ್ ಏರುತ್ತಿದ್ದರೆ ಬೈಪ್ಯಾಪ್ ಬೇಕೇ ಬೇಕು, ಯಾಕಂದರೆ ಆ ಏರಿಕೆಯೇ ಶ್ವಾಸಕೋಶದ ರಕ್ತನಾಳಗಳನ್ನ ಇನ್ನಷ್ಟು ಬಿಗಿ ಮಾಡುತ್ತೆ. ಆಗಲೂ ಹೊರಬಿಡುವಾಗಿನ ಒತ್ತಡ 4–5ರಲ್ಲೇ ಇರಲಿ, ಮೊದಲ ಹತ್ತು ನಿಮಿಷ ಬಿಪಿ ಮೇಲಿಂದ ಕಣ್ಣು ತೆಗೀಬೇಡಿ.

ಇದ್ಯಾವುದೂ ಹೆಪ್ಪನ್ನ ಕರಗಿಸಲ್ಲ. ರಕ್ತಸ್ರಾವದ ಭಯ ಇಲ್ಲದಿದ್ದರೆ ಹೆಪ್ಪು ಬೆಳೆಯದಂತೆ ತಡೆಯುವ ಹೆಪಾರಿನ್ ಕೊಡೋಕೆ ಸಿಟಿ ಸ್ಕ್ಯಾನ್ ಆಗೋವರೆಗೂ ಕಾಯಬೇಕಾಗಿಲ್ಲ. ಆ ಸಿಟಿಗೆ ಕರೆದೊಯ್ಯುವ ಮುಂಚೆ ಸಿಲಿಂಡರ್ ಲೆಕ್ಕ ಹಾಕಿ: 7000 ಲೀಟರ್‌ನ ದೊಡ್ಡ ಸಿಲಿಂಡರ್ ಕೂಡ ನಿಮಿಷಕ್ಕೆ 60 ಲೀಟರ್ ಶುದ್ಧ ಆಕ್ಸಿಜನ್ ಎಳೆದರೆ ಎರಡು ಗಂಟೆಯೊಳಗೆ ಖಾಲಿ.